ಪತ್ರಿಕೋದ್ಯಮ ಮತ್ತು ಕಾರ್ಯತಂತ್ರ ಸಂವಹನ: ವಿಶ್ವವಿದ್ಯಾಲಯದೊಳಗಿನ ಸುದ್ದಿಮನೆ

ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿ 1908ರ ಸೆಪ್ಟೆಂಬರ್ 14ರಂದು ಪತ್ರಿಕೋದ್ಯಮದ ಸ್ಕೂಲ್ ಒಂದು ಶುರುವಾಯಿತು. ಪಾಠ ಆರಂಭವಾದ ದಿನವೇ ಅಲ್ಲಿನ ವಿದ್ಯಾರ್ಥಿಗಳು ತಮ್ಮ ಪತ್ರಿಕೆಯ ಮೊದಲ ಸಂಚಿಕೆಯನ್ನೂ ಹೊರತಂದರು. ಅದು ಕಾಲೇಜಿನ ವಾರ್ಷಿಕ ಸಂಚಿಕೆಯಂಥದ್ದಲ್ಲ, ಊರಿನವರು ಓದುವ ಪತ್ರಿಕೆ. ಪ್ಯಾರಿಸ್‌ನಲ್ಲಿ 1899ರಲ್ಲೇ ಪತ್ರಕರ್ತರಿಗಾಗಿ ಶಾಲೆಯೊಂದು ಹುಟ್ಟಿತ್ತು, ನಿಜ. ಆದರೆ ವಿಶ್ವವಿದ್ಯಾಲಯದೊಳಗೆ ಕಾನೂನು, ವೈದ್ಯಕೀಯಗಳ ಪಕ್ಕದಲ್ಲಿ ಪತ್ರಿಕೋದ್ಯಮಕ್ಕೂ ತನ್ನದೇ ಆದ ಸ್ಕೂಲ್ ಎಂಬ ಸ್ಥಾನ ಸಿಕ್ಕಿದ್ದು ಮಿಸೌರಿ ವಿಶ್ವವಿದ್ಯಾಲಯದಲ್ಲಿ. ಇಂದು ಜಗತ್ತಿನ ನೂರಾರು ವಿಶ್ವವಿದ್ಯಾಲಯಗಳು ಕಲಿಸುವ ಪತ್ರಿಕೋದ್ಯಮದ ಮೇಲೆ, ಅದರ ಜೊತೆಗೇ ಬೆಳೆದ ಕಾರ್ಯತಂತ್ರ ಸಂವಹನ ಎಂಬ ಶಾಖೆಯ ಮೇಲೆ, ಈ ಸ್ಕೂಲಿನ ಛಾಪು ಕಾಣುತ್ತದೆ. ಮೈಸೂರಿನ ಮಹಾರಾಜ ಕಾಲೇಜಿಗೂ ಆ ಪ್ರಭಾವ ನೇರವಾಗಿ ತಲುಪಿತು.

ಪತ್ರಕರ್ತನನ್ನು ಕಾಲೇಜಿನಲ್ಲಿ ತಯಾರು ಮಾಡಬಹುದೇ ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಸಂಪಾದಕರಲ್ಲಿ ಬಹುಪಾಲು ಮಂದಿಯ ಉತ್ತರ ‘ಇಲ್ಲ’ ಎಂದೇ ಇತ್ತು. ಅಚ್ಚುಮೊಳೆ ಜೋಡಿಸುತ್ತ, ಪೊಲೀಸ್ ಠಾಣೆಗೆ ಅಲೆಯುತ್ತ, ಹಿರಿಯರಿಂದ ಬೈಸಿಕೊಳ್ಳುತ್ತ ಕಲಿಯುವ ಕೆಲಸ ಇದು ಎಂಬುದು ಅವರ ನಂಬಿಕೆ. ಅಂತರ್ಯುದ್ಧ ಮುಗಿದ ಮೇಲೆ ವರ್ಜೀನಿಯಾದ ವಾಷಿಂಗ್ಟನ್ ಕಾಲೇಜಿನ ಅಧ್ಯಕ್ಷರಾಗಿದ್ದ ರಾಬರ್ಟ್ ಇ. ಲೀ 1869ರಲ್ಲಿ ಮುದ್ರಣ ಮತ್ತು ಪತ್ರಿಕೆ ಕೆಲಸ ಕಲಿಯುವವರಿಗೆ ವಿದ್ಯಾರ್ಥಿವೇತನದ ಯೋಜನೆ ಹಾಕಿದಾಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಮಿಸೌರಿಯಲ್ಲೇ 1870ರ ದಶಕದ ಕೊನೆಗೆ ಇಂಗ್ಲಿಷ್ ಅಧ್ಯಾಪಕ ಡೇವಿಡ್ ಮೆಕನಾಲಿ ಪತ್ರಿಕಾ ಇತಿಹಾಸದ ಒಂದು ಪಾಠ ಶುರು ಮಾಡಿದ್ದರು. ಪೂರ್ಣ ಪ್ರಮಾಣದ ಸ್ಕೂಲ್ ಬೇಕೆಂದು ಒತ್ತಾಯಿಸಿದ್ದು ಆ ರಾಜ್ಯದ ಪತ್ರಿಕಾ ಸಂಘ. ಆ ಹೋರಾಟದ ಮುಂದಾಳು ಕೊಲಂಬಿಯಾದ ‘ಹೆರಾಲ್ಡ್’ ಪತ್ರಿಕೆಯ ಸಂಪಾದಕ ವಾಲ್ಟರ್ ವಿಲಿಯಮ್ಸ್. ಬೂನ್‌ವಿಲ್ ಎಂಬ ಸಣ್ಣ ಊರಿನ ಮುದ್ರಣಾಲಯದಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿದ ವಿಲಿಯಮ್ಸ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಪದವಿ ಇಲ್ಲದ ಈ ಮನುಷ್ಯ ಸ್ಕೂಲಿನ ಮೊದಲ ಡೀನ್ ಆದರು, 1931ರಲ್ಲಿ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ತನಗೆ ಸಿಗದ ಶಿಕ್ಷಣ ಮುಂದಿನವರಿಗೆ ಸಿಗಲಿ ಎಂಬ ಹಂಬಲ ಅವರ ಕೆಲಸದ ಉದ್ದಕ್ಕೂ ಕಾಣುತ್ತದೆ.

ವಿಲಿಯಮ್ಸ್ 1914ರ ಹೊತ್ತಿಗೆ ಬರೆದ ‘ಪತ್ರಕರ್ತನ ಪ್ರತಿಜ್ಞೆ’ ವಾಷಿಂಗ್ಟನ್‌ನ ನ್ಯಾಷನಲ್ ಪ್ರೆಸ್ ಕ್ಲಬ್‌ನಲ್ಲಿ ಕಂಚಿನ ಫಲಕವಾಗಿ ನಿಂತಿದೆ. ಪತ್ರಿಕೆ ಎಂಬುದು ಜನರು ನಂಬಿ ಒಪ್ಪಿಸಿದ ಸ್ವತ್ತು, ಮನಸ್ಸಿಗೆ ಸತ್ಯವೆಂದು ತೋರಿದ್ದನ್ನು ಮಾತ್ರ ಬರೆಯಬೇಕು ಎಂಬುದು ಅದರ ಸಾರ.

ಈ ಸ್ಕೂಲಿನ ಪಾಠಕ್ರಮಕ್ಕೆ ‘ಮಿಸೌರಿ ವಿಧಾನ’ ಎಂಬ ಹೆಸರು ಬಂದಿದೆ. ವೈದ್ಯ ವಿದ್ಯಾರ್ಥಿ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ನಿಜವಾದ ರೋಗಿಯ ಮುಂದೆ ನಿಂತು ಕಲಿಯುವಂತೆ, ಇಲ್ಲಿನ ವಿದ್ಯಾರ್ಥಿ ನಿಜವಾದ ಓದುಗನ ಮುಂದೆ ನಿಂತು ಕಲಿಯುತ್ತಾನೆ. ಸ್ಕೂಲಿನ ಪತ್ರಿಕೆ ‘ಕೊಲಂಬಿಯಾ ಮಿಸೌರಿಯನ್’ ಕ್ಯಾಂಪಸ್ಸಿನ ಪತ್ರಿಕೆಯಲ್ಲ. ಕ್ಯಾಂಪಸ್ಸಿಗೆ ‘ಮ್ಯಾನ್‌ಈಟರ್’ ಎಂಬ ಬೇರೆಯೇ ವಿದ್ಯಾರ್ಥಿ ಪತ್ರಿಕೆ 1955ರಿಂದ ಇದೆ. ‘ಮಿಸೌರಿಯನ್’ ನಗರಸಭೆ, ಶಾಲಾ ಮಂಡಳಿ, ಕೋರ್ಟು, ಆಸ್ಪತ್ರೆ, ರೈತರ ಮಾರುಕಟ್ಟೆಗಳ ಸುದ್ದಿ ಕೊಡುವ ಊರ ಪತ್ರಿಕೆ. ಅದೇ ಊರಿನ ‘ಡೈಲಿ ಟ್ರಿಬ್ಯೂನ್’ ಎಂಬ ಖಾಸಗಿ ಪತ್ರಿಕೆಯ ಎದುರು ಅದು ಸುದ್ದಿಗಾಗಿ ಪೈಪೋಟಿಗೆ ಇಳಿಯಬೇಕು. ಸಂಪಾದಕರು ವೃತ್ತಿಯಲ್ಲಿ ಪಳಗಿದವರು, ಅಧ್ಯಾಪಕರೂ ಅವರೇ. ವರದಿಗಾರರು, ಛಾಯಾಗ್ರಾಹಕರು, ಪುಟ ಕಟ್ಟುವವರು, ಡೆಸ್ಕಿನಲ್ಲಿ ಪ್ರತಿ ತಿದ್ದುವವರು ವಿದ್ಯಾರ್ಥಿಗಳು.

ಇದರ ಅರ್ಥ ಏನೆಂದು ಒಂದು ನಗರಸಭೆ ಬೀಟ್ ತೆಗೆದುಕೊಂಡು ನೋಡಬಹುದು. ವಿದ್ಯಾರ್ಥಿನಿ ಸಭೆಯ ಕಾರ್ಯಸೂಚಿಯನ್ನು ಹಿಂದಿನ ದಿನವೇ ಓದಿರಬೇಕು. ಮುಚ್ಚಿದ ಬಾಗಿಲ ಹಿಂದೆ ಚರ್ಚೆ ನಡೆದರೆ 1973ರ ಮಿಸೌರಿ ಸನ್‌ಶೈನ್ ಕಾಯ್ದೆಯ ಪ್ರಕಾರ ದಾಖಲೆ ಕೇಳಲು ಗೊತ್ತಿರಬೇಕು. ವರದಿ ಬರೆದ ಮೇಲೆ ಸಂಪಾದಕರ ಪಕ್ಕದಲ್ಲಿ ಕುಳಿತು ಪ್ರತಿ ಹೆಸರು, ಪ್ರತಿ ಅಂಕಿ ಎಲ್ಲಿಂದ ಬಂತೆಂದು ಹೇಳಬೇಕು. ಬೈಲೈನ್ ಹಾಕಿಕೊಂಡು ಪ್ರಕಟವಾದ ಸುದ್ದಿಯಲ್ಲಿ ಒಬ್ಬರ ಹೆಸರು ತಪ್ಪಿದರೂ ಮಾರನೆಯ ಬೆಳಿಗ್ಗೆ ಫೋನು ಬರುತ್ತದೆ. ತರಗತಿಯ ಅಸೈನ್‌ಮೆಂಟಿನಲ್ಲಿ ಅದೇ ತಪ್ಪಿಗೆ ಅರ್ಧ ಅಂಕ ಹೋಗುತ್ತಿತ್ತು ಅಷ್ಟೆ. ಪತ್ರಿಕೋದ್ಯಮ ಶಿಕ್ಷಣ ಗಟ್ಟಿಯಾಗುವುದು ಈ ವ್ಯತ್ಯಾಸದಲ್ಲಿ. ಸಿದ್ಧಾಂತದ ಪತ್ರಿಕೆಗಳು ಎಷ್ಟೇ ಇರಲಿ, ಬರೆದದ್ದಕ್ಕೆ ಹೊರಗಿನ ಒಬ್ಬರಿಗೆ ಉತ್ತರ ಕೊಡಬೇಕಾದ ಸ್ಥಿತಿ ವಿದ್ಯಾರ್ಥಿಗೆ ಬಾರದಿದ್ದರೆ ಆ ಪದವಿ ಅರೆಬೆಂದದ್ದು.

ಪತ್ರಿಕೆಯ ಹಿಂದೆಯೇ ಉಳಿದ ಮಾಧ್ಯಮಗಳೂ ಬಂದವು. 1953ರ ಡಿಸೆಂಬರ್‌ನಲ್ಲಿ ಪ್ರಸಾರ ಆರಂಭಿಸಿದ ಕೆಒಎಂಯು ದೂರದರ್ಶನ ಕೇಂದ್ರ ವಿಶ್ವವಿದ್ಯಾಲಯದ ಒಡೆತನದ್ದು, ಆದರೂ ಎನ್‌ಬಿಸಿ ಜಾಲಕ್ಕೆ ಸೇರಿ ಜಾಹೀರಾತಿನಿಂದ ನಡೆಯುವ ವಾಣಿಜ್ಯ ಕೇಂದ್ರ. ಅದರ ಸುದ್ದಿಮನೆಯೇ ವಿದ್ಯಾರ್ಥಿಗಳ ಪ್ರಯೋಗಶಾಲೆ. 1972ರಲ್ಲಿ ಕೆಬಿಐಎ ಎಂಬ ಸಾರ್ವಜನಿಕ ರೇಡಿಯೋ ಸೇರಿತು. ಛಾಯಾಚಿತ್ರ ಪತ್ರಿಕೋದ್ಯಮವನ್ನು ಅಲ್ಲಿ ಬೆಳೆಸಿದವರು ಕ್ಲಿಫ್ ಎಡಮ್. ಅವರು 1949ರಲ್ಲಿ ಆರಂಭಿಸಿದ ಮಿಸೌರಿ ಫೋಟೋ ಶಿಬಿರ ಒಂದು ಸಣ್ಣ ಊರಿಗೆ ಹೋಗಿ ಬೀಡುಬಿಟ್ಟು, ಅಲ್ಲಿನ ಬದುಕನ್ನು ಚಿತ್ರಕಥೆಯಾಗಿ ಕಟ್ಟುವುದನ್ನು ಕಲಿಸುತ್ತದೆ. ಡಿಜಿಟಲ್ ಕ್ಯಾಮೆರಾದ ಈ ಕಾಲದಲ್ಲೂ ಶಿಬಿರಾರ್ಥಿ ಕ್ಲಿಕ್ಕಿಸಬಹುದಾದ ಚಿತ್ರಗಳಿಗೆ 400ರ ಮಿತಿ ಇಟ್ಟಿದ್ದರು. ಮೊದಲು ನೋಡು, ಆಮೇಲೆ ಗುಂಡಿ ಒತ್ತು ಎನ್ನುವ ಶಿಸ್ತು ಅದು. ತನಿಖಾ ವರದಿಗಾರರ ಸಂಘಟನೆಯಾದ ಐಆರ್‌ಇ ಕೂಡ 1978ರಿಂದ ಇದೇ ಸ್ಕೂಲಿನಲ್ಲಿ ನೆಲೆಸಿದೆ. ಸರ್ಕಾರಿ ದತ್ತಾಂಶವನ್ನು ಕಂಪ್ಯೂಟರಿಗೆ ಹಾಕಿ ಸುದ್ದಿ ಹುಡುಕುವ ಕೌಶಲವನ್ನು 1989ರಿಂದಲೇ ಅಲ್ಲಿ ಕಲಿಸತೊಡಗಿದ್ದರು.

ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ. ಪತ್ರಿಕಾ ದೊರೆ ಜೋಸೆಫ್ ಪುಲಿಟ್ಜರ್ 1904ರಲ್ಲಿ ದೀರ್ಘ ಲೇಖನ ಬರೆದು, ಪತ್ರಕರ್ತನಿಗೆ ಮುದ್ರಣಾಲಯದ ಕೈಚಳಕಕ್ಕಿಂತ ಇತಿಹಾಸ, ಕಾನೂನು, ಅರ್ಥಶಾಸ್ತ್ರ, ಅಂಕಿಅಂಶಗಳ ಜ್ಞಾನ ಮುಖ್ಯ ಎಂದು ವಾದಿಸಿದರು. ಅವರು ಕೊಟ್ಟ 20 ಲಕ್ಷ ಡಾಲರಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕೂಲ್ ಅವರ ಮರಣದ ಮರುವರ್ಷ, 1912ರಲ್ಲಿ, ತೆರೆಯಿತು. ವಿಸ್ಕಾನ್ಸಿನ್‌ನಲ್ಲಿ ವಿಲ್ಲರ್ಡ್ ಬ್ಲೇಯರ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಪತ್ರಿಕೋದ್ಯಮವನ್ನು ಸಮಾಜ ವಿಜ್ಞಾನದ ಸಂಶೋಧನೆಗೆ ಹತ್ತಿರ ತಂದರು. ಆ ಬೇರಿನಿಂದ ಬಂದದ್ದೇ ಸಂವಹನ ಸಿದ್ಧಾಂತ. 1968ರ ಅಮೆರಿಕದ ಚುನಾವಣೆಯ ವೇಳೆ ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ, ಯಾರಿಗೆ ಮತ ಎಂದು ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ಪತ್ರಿಕೆಗಳು ಯಾವ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದವೋ ಅದೇ ವಿಷಯವನ್ನು ಮತದಾರರೂ ಮುಖ್ಯವೆಂದು ಭಾವಿಸಿದ್ದರು. 1972ರಲ್ಲಿ ಪ್ರಕಟವಾದ ಈ ‘ಕಾರ್ಯಸೂಚಿ ನಿರ್ಣಯ’ ಸಿದ್ಧಾಂತವನ್ನು ಇಂದು ಮೈಸೂರು, ಧಾರವಾಡ, ಕಲಬುರಗಿಗಳ ವಿದ್ಯಾರ್ಥಿಗಳೂ ಪರೀಕ್ಷೆಗೆ ಓದುತ್ತಾರೆ.

ಎರಡೂ ಪಂಥಗಳ ನಡುವಿನ ಒಪ್ಪಂದ ಅಮೆರಿಕದ ಮಾನ್ಯತಾ ಮಂಡಳಿಯ ನಿಯಮದಲ್ಲಿ ಕಾಣುತ್ತದೆ: ಪದವಿ ವಿದ್ಯಾರ್ಥಿ ಕನಿಷ್ಠ 72 ಕ್ರೆಡಿಟ್‌ಗಳನ್ನು ಪತ್ರಿಕೋದ್ಯಮದ ಹೊರಗಿನ ವಿಷಯಗಳಲ್ಲಿ ಪಡೆಯಬೇಕು. ಬಜೆಟ್ ಓದಲು ಬಾರದವನಿಗೆ ಬಜೆಟ್ ವರದಿ ಮಾಡುವ ಶೈಲಿ ಕಲಿಸಿ ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ಇನ್ನು ಎರಡನೆಯ ಶಾಖೆ. ಜಾಹೀರಾತಿನ ಪಾಠ ಮಿಸೌರಿಯಲ್ಲಿ ಸ್ಕೂಲಿನ ಆರಂಭದಿಂದಲೇ ಇತ್ತು. ಪತ್ರಿಕೆ ಬದುಕಬೇಕಾದರೆ ಜಾಹೀರಾತು ಬೇಕು ಎಂಬುದು ವಿಲಿಯಮ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಜಾಹೀರಾತು ವಿದ್ಯಾರ್ಥಿಗಳ ರಾಷ್ಟ್ರೀಯ ಬಳಗ ಆಲ್ಫಾ ಡೆಲ್ಟಾ ಸಿಗ್ಮಾ 1913ರಲ್ಲಿ ಹುಟ್ಟಿದ್ದೂ ಅಲ್ಲೇ. ಸಾರ್ವಜನಿಕ ಸಂಪರ್ಕದ ಕಥೆ ಬೇರೆ ಕಡೆಯದು. ಐವಿ ಲೀ ಎಂಬ ಮಾಜಿ ವರದಿಗಾರ 1906ರ ಕಲ್ಲಿದ್ದಲು ಗಣಿ ಮುಷ್ಕರದ ವೇಳೆ ಗಣಿ ಮಾಲೀಕರ ಪರವಾಗಿ ಪತ್ರಿಕೆಗಳಿಗೆ ಮಾಹಿತಿ ಕೊಡುತ್ತ, ತಮ್ಮ ಕೆಲಸ ಗುಟ್ಟಿನದಲ್ಲ, ಕೊಟ್ಟ ವಿವರವನ್ನು ಯಾರು ಬೇಕಾದರೂ ಪರಿಶೀಲಿಸಬಹುದು ಎಂದು ಘೋಷಿಸಿದರು. 1923ರಲ್ಲಿ ಎಡ್ವರ್ಡ್ ಬರ್ನೇಸ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಸಂಪರ್ಕದ ಪಾಠ ಹೇಳಿದರು. ದಶಕಗಳ ಕಾಲ ಜಾಹೀರಾತು, ಸಾರ್ವಜನಿಕ ಸಂಪರ್ಕ, ಸಂಸ್ಥೆಯೊಳಗಿನ ಸಂವಹನ, ಆರೋಗ್ಯ ಪ್ರಚಾರ ಇವೆಲ್ಲ ಬೇರೆ ಬೇರೆ ಕೋಣೆಗಳಲ್ಲಿದ್ದವು. ಇಂಟರ್‌ನೆಟ್ ಬಂದ ಮೇಲೆ ಒಂದೇ ಪೋಸ್ಟು ಜಾಹೀರಾತೂ ಹೌದು, ಗ್ರಾಹಕರಿಗೆ ಉತ್ತರವೂ ಹೌದು ಎಂಬಂತಾದಾಗ ಆ ಗೋಡೆಗಳು ಉಳಿಯಲಿಲ್ಲ. ಇವನ್ನೆಲ್ಲ ಒಟ್ಟುಗೂಡಿಸಿದ ಕಾರ್ಯತಂತ್ರ ಸಂವಹನಕ್ಕೆ 2007ರಲ್ಲಿ ತನ್ನದೇ ಅಂತರರಾಷ್ಟ್ರೀಯ ಸಂಶೋಧನಾ ನಿಯತಕಾಲಿಕ ಬಂತು. ಸಂಸ್ಥೆಯೊಂದು ತನ್ನ ಗುರಿ ಸಾಧಿಸಲು ಉದ್ದೇಶಪೂರ್ವಕವಾಗಿ ಸಂವಹನವನ್ನು ಬಳಸುವುದು ಎಂಬುದು ಅದು ಕೊಟ್ಟ ವಿವರಣೆ.

ಈ ಶಾಖೆಯ ವಿದ್ಯಾರ್ಥಿ ಮೊದಲು ಕಲಿಯುವುದು ಕೇಳಿಸಿಕೊಳ್ಳುವುದನ್ನು. ಸಮೀಕ್ಷೆ, ಗುಂಪು ಚರ್ಚೆ, ಅಂಕಿಅಂಶ. ಆಮೇಲೆ ಯಾರಿಗೆ, ಏನು, ಯಾವ ಮಾಧ್ಯಮದಲ್ಲಿ ಹೇಳಬೇಕೆಂಬ ಯೋಜನೆ. ಕೊನೆಗೆ ಹೇಳಿದ್ದರಿಂದ ಏನಾದರೂ ಬದಲಾಯಿತೇ ಎಂಬ ಅಳತೆ. ಪತ್ರಿಕೆಯಲ್ಲಿ ಬಂದ ತುಣುಕನ್ನು ಕಾಲಂ ಸೆಂಟಿಮೀಟರಿನಲ್ಲಿ ಅಳೆದು, ಅಷ್ಟು ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ದುಡ್ಡಾಗುತ್ತಿತ್ತು ಎಂದು ಲೆಕ್ಕ ಹಾಕುವ ಹಳೆಯ ಪದ್ಧತಿಯನ್ನು 2010ರ ಬಾರ್ಸಿಲೋನಾ ಸೂತ್ರಗಳು ತಳ್ಳಿಹಾಕಿದವು. ನಮ್ಮ ಎಷ್ಟೋ ಕಚೇರಿಗಳಲ್ಲಿ ಆ ಲೆಕ್ಕ ಇನ್ನೂ ನಡೆದೇ ಇದೆ. ಮಿಸೌರಿಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ‘ಆಡ್‌ಜೂ’, ‘ಮೋಜೋ ಆಡ್’ ಎಂಬ ಏಜೆನ್ಸಿಗಳಲ್ಲಿ ನಿಜವಾದ ಗ್ರಾಹಕ ಸಂಸ್ಥೆಗಳಿಗೆ ಪ್ರಚಾರ ಯೋಜನೆ ಮಾಡಿಕೊಡುತ್ತಾರೆ.

ಬಿಕ್ಕಟ್ಟಿನ ಸಂವಹನ ಈ ಪಠ್ಯದ ಅತ್ಯಂತ ಜೀವಂತ ಭಾಗ. 1982ರಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಿಗೆ ಸೈನೈಡ್ ಬೆರೆಸಿದ್ದರಿಂದ 7 ಮಂದಿ ಸತ್ತರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆಯಿತು, ಯಾರೂ ಸೇವಿಸಬೇಡಿ ಎಂದು ತಾನೇ ಸಾರಿತು, ಮುಚ್ಚಳ ಬಿಚ್ಚಿದ್ದರೆ ಗೊತ್ತಾಗುವಂಥ ಹೊಸ ಪ್ಯಾಕಿಂಗ್ ತಂದಿತು. 10 ಕೋಟಿ ಡಾಲರಿಗೂ ಮೀರಿದ ಖರ್ಚು ಅದು. ಭಾರತದ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ದೊಡ್ಡ ಪಾಠವೊಂದಿದೆ: ಪಲ್ಸ್ ಪೋಲಿಯೊ. ಲಸಿಕೆ ಹಾಕಿಸಿದರೆ ಮಕ್ಕಳು ಮುಂದೆ ಬಂಜೆಯಾಗುತ್ತಾರೆ ಎಂಬ ಗಾಳಿಸುದ್ದಿ ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಹಬ್ಬಿದಾಗ ಟಿವಿ ಜಾಹೀರಾತು ಸಾಲಲಿಲ್ಲ. ಯುನಿಸೆಫ್ ನೆರವಿನಿಂದ ಅದೇ ಮೊಹಲ್ಲಾಗಳ ಹೆಣ್ಣುಮಕ್ಕಳನ್ನು ಸಂಚಾಲಕಿಯರಾಗಿ ನೇಮಿಸಿದರು, ಮಸೀದಿಯ ಇಮಾಮರನ್ನು ಜೊತೆಗೆ ಕರೆದುಕೊಂಡರು, ಬಾಗಿಲು ಮುಚ್ಚಿದ ಮನೆಗೆ ಮತ್ತೆ ಮತ್ತೆ ಹೋದರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ದಾಖಲಾಯಿತು, 2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಮನವೊಲಿಸುವ ವಿದ್ಯೆಯನ್ನು ಕೀಳಾಗಿ ಕಾಣುವ ಪತ್ರಕರ್ತರು ಈ ಇತಿಹಾಸವನ್ನೊಮ್ಮೆ ಓದಬೇಕು.

ಹಾಗೆಂದು ಎರಡೂ ಒಂದೇ ಅಲ್ಲ. ಪತ್ರಕರ್ತ ಓದುಗನ ಪರವಾಗಿ ಪ್ರಶ್ನೆ ಕೇಳುತ್ತಾನೆ, ಕಾರ್ಯತಂತ್ರ ಸಂವಹನಕಾರ ಒಂದು ಸಂಸ್ಥೆಯ ಪರವಾಗಿ ಉತ್ತರ ಕೊಡುತ್ತಾನೆ. ಒಂದೇ ಕಟ್ಟಡದಲ್ಲಿ, ಎಷ್ಟೋ ಸಲ ಒಂದೇ ತರಗತಿಯಲ್ಲಿ ಕುಳಿತು ಇಬ್ಬರೂ ಕಲಿಯುವುದರಿಂದ ಲಾಭವಿದೆ: ಪತ್ರಿಕಾ ಹೇಳಿಕೆ ಹೇಗೆ ತಯಾರಾಗುತ್ತದೆಂದು ತಿಳಿದ ವರದಿಗಾರ ಅದರಲ್ಲಿ ಏನನ್ನು ಬಿಟ್ಟಿದ್ದಾರೆಂದು ಬೇಗ ಗುರುತಿಸುತ್ತಾನೆ. ಅಪಾಯವೂ ಅಲ್ಲೇ ಇದೆ. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಪ್ರಚಾರವನ್ನು ಸುದ್ದಿಯ ವೇಷದಲ್ಲಿ ಪ್ರಕಟಿಸಿದ ‘ಕಾಸಿಗಾಗಿ ಸುದ್ದಿ’ ಹಗರಣವನ್ನು ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯೊಂದು ವಿವರವಾಗಿ ದಾಖಲಿಸಿತ್ತು. ಜಾಹೀರಾತು ಯಾವುದು, ಸುದ್ದಿ ಯಾವುದು ಎಂಬ ಗೆರೆಯನ್ನು ವಿದ್ಯಾರ್ಥಿ ದೆಸೆಯಲ್ಲೇ ಗಟ್ಟಿಯಾಗಿ ಕಲಿಸದ ವಿಭಾಗ ಎರಡೂ ಕಡೆಯವರಿಗೆ ದ್ರೋಹ ಮಾಡುತ್ತದೆ.

ಆದರ್ಶ ಬರೆಯುವುದು ಸುಲಭ, ಪಾಲಿಸುವುದು ಕಷ್ಟ ಎಂಬುದಕ್ಕೆ ಮಿಸೌರಿಯ ಇತಿಹಾಸದಲ್ಲೇ ಸಾಕ್ಷಿಯಿದೆ. ಲೂಸಿಲ್ ಬ್ಲೂಫರ್ಡ್ ‘ಕಾನ್ಸಾಸ್ ಸಿಟಿ ಕಾಲ್’ ಎಂಬ ಕಪ್ಪುಜನರ ಪತ್ರಿಕೆಯ ಸಂಪಾದಕ ವರ್ಗದಲ್ಲಿದ್ದವರು. 1939ರಲ್ಲಿ ಸ್ನಾತಕೋತ್ತರ ಪತ್ರಿಕೋದ್ಯಮಕ್ಕೆ ಅರ್ಜಿ ಹಾಕಿದಾಗ ಅಂಕಪಟ್ಟಿ ನೋಡಿದ ವಿಶ್ವವಿದ್ಯಾಲಯ ಸೀಟು ಕೊಟ್ಟಿತು. ದಾಖಲಾತಿಗೆಂದು ಕೊಲಂಬಿಯಾಕ್ಕೆ ಬಂದು ನಿಂತಾಗ, ಬಣ್ಣ ನೋಡಿ ವಾಪಸು ಕಳಿಸಿತು. ಅವರು 11 ಬಾರಿ ಪ್ರಯತ್ನಿಸಿದರು, ಕೋರ್ಟಿಗೆ ಹೋದರು. 1941ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ, ಯುದ್ಧದಿಂದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಡಿಮೆಯಾಗಿದ್ದಾರೆಂಬ ಕಾರಣ ಕೊಟ್ಟು ಸ್ನಾತಕೋತ್ತರ ಕೋರ್ಸನ್ನೇ ಮುಚ್ಚಿದರು. ಪತ್ರಿಕೆ ಜನರ ಸ್ವತ್ತು ಎಂದು ಸಾರಿದ ಸ್ಕೂಲು ಒಬ್ಬ ಪತ್ರಕರ್ತೆಯನ್ನು ಒಳಗೆ ಬಿಡದಿರಲು ತನ್ನ ಬಾಗಿಲನ್ನೇ ಮುಚ್ಚಿಕೊಂಡಿತು. ಬ್ಲೂಫರ್ಡ್ ಅಲ್ಲಿ ಓದಲಿಲ್ಲ. 2003ರಲ್ಲಿ ತೀರಿಕೊಳ್ಳುವವರೆಗೂ ‘ಕಾಲ್’ ಪತ್ರಿಕೆಯಲ್ಲೇ ಉಳಿದರು. 1984ರಲ್ಲಿ ಅದೇ ಸ್ಕೂಲು ಗೌರವ ಪದಕ ಕೊಟ್ಟಿತು, 1989ರಲ್ಲಿ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

2015ರ ನವೆಂಬರ್‌ನಲ್ಲಿ ಅದೇ ಕ್ಯಾಂಪಸ್ಸು ಮತ್ತೆ ದೇಶದ ಗಮನ ಸೆಳೆಯಿತು. ಜನಾಂಗೀಯ ತಾರತಮ್ಯದ ವಿರುದ್ಧ ವಿದ್ಯಾರ್ಥಿಗಳು ನಡೆಸಿದ ಹೋರಾಟಕ್ಕೆ ಮಣಿದು ಅಧ್ಯಕ್ಷರು ರಾಜೀನಾಮೆ ಕೊಟ್ಟ ದಿನ, ಬಯಲಿನಲ್ಲಿ ಚಿತ್ರ ತೆಗೆಯುತ್ತಿದ್ದ ವಿದ್ಯಾರ್ಥಿ ಛಾಯಾಗ್ರಾಹಕನನ್ನು ಹೋರಾಟಗಾರರು ತಡೆದರು. ಸಾರ್ವಜನಿಕ ಸ್ಥಳದಲ್ಲಿ ನಿಲ್ಲುವ ಹಕ್ಕು ನಿಮಗಿರುವಂತೆ ಚಿತ್ರ ತೆಗೆಯುವ ಹಕ್ಕು ನನಗೂ ಇದೆ ಎಂದು ಆತ ದನಿ ಏರಿಸದೆ ವಾದಿಸಿದ ವಿಡಿಯೊ ಈಗ ಮಾಧ್ಯಮ ಕಾನೂನಿನ ಚರ್ಚೆಗೆ ಒಳ್ಳೆಯ ವಸ್ತು.

ಮಿಸೌರಿ ವಿಧಾನ ಕಡಲು ದಾಟಿದ್ದು ಮೊದಲು ಚೀನಾಕ್ಕೆ. 1920ರಲ್ಲಿ ಶಾಂಘೈನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ, ಮುಂದೆ ಬೀಜಿಂಗ್‌ನ ಯೆಂಚಿಂಗ್‌ನಲ್ಲಿ ವಿಭಾಗಗಳು ಹುಟ್ಟಿದವು. ಭಾರತದಲ್ಲಿ ಗಟ್ಟಿಯಾಗಿ ನೆಲೆನಿಂತ ಮೊದಲ ವಿಭಾಗ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಕಟ್ಟಿದ್ದು. ವಿಭಜನೆಯಾದಾಗ ಅದು ದೆಹಲಿಗೆ, ಆಮೇಲೆ ಚಂಡೀಗಢಕ್ಕೆ ಸ್ಥಳಾಂತರವಾಯಿತು. ಮೈಸೂರಿನ ಸರದಿ 1951ರಲ್ಲಿ. ಮಿಸೌರಿಯಲ್ಲಿ ಪತ್ರಿಕೋದ್ಯಮ ಓದಿ ಬಂದ ನಾಡಿಗ ಕೃಷ್ಣಮೂರ್ತಿ ಮಹಾರಾಜ ಕಾಲೇಜಿನಲ್ಲಿ ಪದವಿ ಹಂತದ ಐಚ್ಛಿಕ ವಿಷಯವಾಗಿ ಪತ್ರಿಕೋದ್ಯಮವನ್ನು ಶುರುಮಾಡಿದರು. ಇತಿಹಾಸ, ರಾಜ್ಯಶಾಸ್ತ್ರ, ಸಾಹಿತ್ಯಗಳ ಜೊತೆ ಪತ್ರಿಕೋದ್ಯಮವನ್ನೂ ಬಿ.ಎ.ಗೆ ಆರಿಸಿಕೊಳ್ಳುವ ಪದ್ಧತಿ ಅಲ್ಲಿಂದ ಕರ್ನಾಟಕದ ಊರೂರಿನ ಕಾಲೇಜುಗಳಿಗೆ ಹಬ್ಬಿತು. ಅವರ ‘ಇಂಡಿಯನ್ ಜರ್ನಲಿಸಂ’ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯ 1966ರಲ್ಲಿ ಪ್ರಕಟಿಸಿತು. ಭಾರತೀಯ ಪತ್ರಿಕೆಗಳ ಇತಿಹಾಸಕ್ಕೆ ಅದು ಬಹುಕಾಲ ಆಕರವಾಗಿತ್ತು. ಕನ್ನಡದಲ್ಲಿ ಈ ವೃತ್ತಿಯ ಬಗೆಗಿನ ಚಿಂತನೆ ಅದಕ್ಕೂ ಮೊದಲೇ ಇತ್ತು. ಡಿ.ವಿ. ಗುಂಡಪ್ಪನವರು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ವಿಭಾಗ 1973ರಲ್ಲಿ ಬಂತು. ಕಾರ್ಯತಂತ್ರ ಸಂವಹನದ ಕಡೆ ನೋಡಿದರೆ, 1965ರಲ್ಲಿ ದೆಹಲಿಯಲ್ಲಿ ಆರಂಭವಾದ ಭಾರತೀಯ ಸಮೂಹ ಸಂವಹನ ಸಂಸ್ಥೆ ಮುಂದೆ ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕದ ಡಿಪ್ಲೊಮಾ ತೆರೆಯಿತು, 1991ರಲ್ಲಿ ಅಹಮದಾಬಾದಿನ ಮೈಕಾ ಹುಟ್ಟಿತು.

ಮಿಸೌರಿಯಿಂದ ಪಠ್ಯಕ್ರಮ ಬಂದಷ್ಟು ಸುಲಭವಾಗಿ ಪತ್ರಿಕೆ ಬರಲಿಲ್ಲ. ನಮ್ಮ ವಿಭಾಗಗಳು ತರುವ ಪ್ರಾಯೋಗಿಕ ಪತ್ರಿಕೆಗಳು ಸಾಮಾನ್ಯವಾಗಿ ಕ್ಯಾಂಪಸ್ಸಿನ ಗೇಟು ದಾಟುವುದಿಲ್ಲ. ತಾಲ್ಲೂಕು ಕೇಂದ್ರದಿಂದ ಬಂದ ವಿದ್ಯಾರ್ಥಿ ಕನ್ನಡದಲ್ಲಿ ಚೆನ್ನಾಗಿ ಬರೆಯಬಲ್ಲ, ಆದರೆ ಓದಬೇಕಾದ ಪುಸ್ತಕ ಇಂಗ್ಲಿಷಿನಲ್ಲಿ. ಕೆಲಸಕ್ಕೆ ಸೇರಿದ ದಿನ ಡೆಸ್ಕಿನಲ್ಲಿ ಮೊದಲು ಕೈಗೆ ಬರುವುದು ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯ ಅನುವಾದ. ಹಾಗಾಗಿ ನಿಜವಾದ ತರಬೇತಿ ಇಂದಿಗೂ ಪತ್ರಿಕಾ ಕಚೇರಿಯ ಹಿರಿಯ ಉಪಸಂಪಾದಕರ ಹತ್ತಿರವೇ ನಡೆಯುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಕೈಯಲ್ಲಿದೆ. ಪಂಚಾಯಿತಿಯ ಕಾಮಗಾರಿ ಕಡತವನ್ನು ಕೇಳಿ ಪಡೆದು ವರದಿ ಮಾಡುವ ಅಭ್ಯಾಸವನ್ನು ಪದವಿಯ ಎರಡನೆಯ ವರ್ಷದಲ್ಲೇ ಮಾಡಿಸಲು ಹೆಚ್ಚು ಹಣವೇನೂ ಬೇಕಿಲ್ಲ.

ಊರಿನ ಜನ ನಿಜವಾಗಿ ಕೇಳುವ ಮಾಧ್ಯಮವೊಂದು ನಮ್ಮ ಶಿಕ್ಷಣ ಸಂಸ್ಥೆಗಳಿಗೂ ಸಿಕ್ಕಿದ್ದು ರೇಡಿಯೋ ರೂಪದಲ್ಲಿ. 2000ದ ದಶಕದಲ್ಲಿ ಕೇಂದ್ರ ಸರ್ಕಾರ ಮೊದಲು ಕ್ಯಾಂಪಸ್‌ಗಳಿಗೆ, 2006ರಲ್ಲಿ ಸಮುದಾಯ ಸಂಘಟನೆಗಳಿಗೂ ಪರವಾನಗಿ ತೆರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈನ್ ಸಂಸ್ಥೆ ಮೊದಲಾದವು ಸ್ವಂತ ಕೇಂದ್ರ ತೆರೆದವು. ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಲಿನ ಕೇಳುಗರಿಗೆ ಬೆಳೆ ರೋಗ, ಲಸಿಕೆ, ಕಸ ವಿಂಗಡಣೆಯ ಬಗ್ಗೆ ವಿದ್ಯಾರ್ಥಿಗಳು ಅಲ್ಲಿ ಕಾರ್ಯಕ್ರಮ ಮಾಡಬಹುದು, ಸ್ಥಳೀಯ ಜಾಹೀರಾತನ್ನೂ ಪ್ರಸಾರ ಮಾಡಬಹುದು. ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಲು ಮಾತ್ರ ಅನುಮತಿ. ಕಾರ್ಯತಂತ್ರ ಸಂವಹನದ ವಿದ್ಯಾರ್ಥಿ ತನ್ನ ಪ್ರಚಾರ ಯೋಜನೆಯನ್ನು ಅದೇ ಮೈಕಿನ ಮುಂದೆ ಪ್ರಯೋಗಿಸಿ ನೋಡಬಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿಗೆ ತನ್ನ ಊರಿನ ಪುರಸಭೆಯ ನಿನ್ನೆಯ ತೀರ್ಮಾನವನ್ನು ಅಲ್ಲಿಂದ ಹೇಳಲು ನಿಯಮ ಬಿಡುವುದಿಲ್ಲ.